ಪುಡಿ ಹಾಕಬಾರದಿದ್ದ ಮನೆ

ಅಂಜಿನಮ್ಮನ ರೇಷ್ಮೆ ಹುಳುಮನೆಯ ಮೂಲೆಯಲ್ಲಿ ಬಿಳಿ ಪುಡಿಯ ಡಬ್ಬ ಕಂಡಾಗ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದಿದ್ದ ಪ್ರಮೋದಾ ಅದನ್ನು ಕೈಗೆತ್ತಿಕೊಂಡಳು. ರೋಗ ಬಾರದಂತೆ ಹುಳುಗಳ ಮೇಲೆ ಉದುರಿಸುವ ಹೊಸ ಪುಡಿ. ಪಕ್ಕದ ಮುನಿತಾಯಮ್ಮನ ಮನೆಗೆ ಹಾಕಿ, ಈ ಮನೆಗೆ ಹಾಕದೆ, ಎರಡನ್ನೂ ಹೋಲಿಸಿ ನೋಡುವುದೆಂದು ಗೊತ್ತಾಗಿತ್ತು.

"ಇದು ಇಲ್ಲಿಗೆ ಹೇಗೆ ಬಂತು?"

"ನಾನೇ ಕೊಟ್ಟೆ ಕಣಮ್ಮ, ಮೊದಲ್ನೇ ದಿನಾನೇ," ಎಂದಳು ಜೊತೆಗೇ ಬಂದಿದ್ದ ಮುನಿತಾಯಮ್ಮ. "ಹೆಪ್ಪಿಗೆ ಮಜ್ಜಿಗೆ ಕೇಳಿದ್ರೆ ಇಲ್ಲ ಅಂತೀವಾ? ಓರಗಿತ್ತಿ ಹುಳ ಸತ್ತು ನಂದು ಉಳ್ಕೊಂಡ್ರೆ ಮುಖ ಹೆಂಗ್ ತೋರಿಸ್ಲಿ?"

ಆದರೂ ಸತ್ತಿದ್ದವು. ಹಾಲುತೊಂಡೆ ರೋಗ ಬಡಿದು ಅಂಜಿನಮ್ಮನ ತಟ್ಟೆಗಳ ತುಂಬ ಹುಳುಗಳು ಊದಿ ಒಡೆದಿದ್ದವು. ಮುನಿತಾಯಮ್ಮನವು ಮಾತ್ರ ಗಟ್ಟಿಯಾಗಿ ಸೊಪ್ಪು ಮೇಯುತ್ತಿದ್ದವು. ಬೆಳಿಗ್ಗೆ ಎರಡರ ಫೋಟೊ ನೋಡಿ ಸಂಸ್ಥೆಯ ಭಾನುಪ್ರಕಾಶ್ ಸರ್ ಕುಣಿದುಬಿಟ್ಟಿದ್ದರು. "ಹಾಕಿದ ಮನೆ ಉಳೀತು, ಹಾಕದ ಮನೆ ಹೋಯ್ತು! ಇವತ್ತೇ ಬರೆದು ಕಳ್ಸಮ್ಮ. ಜರ್ನಲ್‌ನಲ್ಲಿ ಪೇಪರ್ ಬಂದ್ರೆ ನಿನ್ನ ಕೆಲಸಾನೂ ಉಳೀತು ಅಂತ ತಿಳ್ಕೋ."

ಹಿಂದೆ ಸಂಸ್ಥೆಯಲ್ಲೇ ಎರಡು ಬೆಳೆ ನೋಡಿದಾಗ ಪುಡಿಯಿಂದ ಏನೂ ವ್ಯತ್ಯಾಸ ಕಂಡಿರಲಿಲ್ಲ. ಅದನ್ನು ಬರೆದು ಕಳಿಸಿದರೆ ಯಾವ ಜರ್ನಲ್ಲೂ ಮೂಸಿ ನೋಡಲಿಲ್ಲ. ಏನೂ ಆಗಲಿಲ್ಲ ಎಂಬ ಸತ್ಯಕ್ಕೆ ವಿದ್ವಾಂಸರ ಲೋಕದಲ್ಲಿ ಕವಡೆ ಕಿಮ್ಮತ್ತಿಲ್ಲ. ರೋಸಿಹೋಗಿ ಅವಳು ಈ ಆವತಿ ಊರಿನ ಬೆಳೆಗಾರರನ್ನು ಕೂಡಿಸಿ, ಪರೀಕ್ಷೆ ನಿಮ್ಮದೇ, ಬಂದದ್ದನ್ನು ಬಂದ ಹಾಗೆ ಮೊದಲು ನಿಮ್ಮ ವಾಟ್ಸಾಪ್ ಗುಂಪಿಗೇ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದಳು. ಮಾತು ಕೊಡುವುದಕ್ಕೇನು! ತಿಂಗಳ ಕೊನೆಗೆ ಕೆಲಸ ಹೋಗುತ್ತದೆಂಬಾಗ ಅದನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು.

"ಕೊಟ್ಟಿದ್ದು ನಮ್ ಮೂವರಿಗೇ ಗೊತ್ತು," ಎಂದಳು ಮುನಿತಾಯಮ್ಮ ಮೆಲ್ಲಗೆ. "ಸುಮ್ನೆ ಬರ್ದುಬಿಡು. ನಿನ್ ಅನ್ನಕ್ಕೆ ನಾವ್ಯಾಕೆ ಕಲ್ಲಾಕೋಣ?"

ಪ್ರಮೋದಾಗೆ ಆಸೆಯಾಯಿತು, ಸುಳ್ಳು ಯಾಕೆ.

ಅಷ್ಟು ಹೊತ್ತೂ ಸತ್ತ ಹುಳು ಆರಿಸುತ್ತಿದ್ದ ಅಂಜಿನಮ್ಮ ತಲೆಯೆತ್ತಿದಳು. "ಅದೆಲ್ಲ ಇರ್ಲಿ. ಮುಂದಿನ್ ಬೆಳೆಗೆ ನಾನು ಈ ಪುಡಿ ನಂಬ್ಲಾ, ಬ್ಯಾಡ್ವಾ? ಅದೊಂದ್ ಹೇಳು."

ಪ್ರಮೋದಾ ನಾಚಿಕೆಯಿಂದ ಕುಗ್ಗಿಹೋದಳು. ಫೋನ್ ತೆಗೆದು ಗುಂಪಿಗೆ ಮಾತಾಡಿ ಕಳಿಸಿದಳು. "ಎರಡೂ ಮನೆಗೆ ಪುಡಿ ಬಿದ್ದಿದೆ. ಆದ್ರೂ ಒಂದು ಮನೆ ಹೋಯ್ತು. ಪುಡಿ ಕೆಲಸ ಮಾಡುತ್ತೆ ಅಂತ ಹೇಳೋಕಾಗಲ್ಲ. ಯಾರೂ ಅದನ್ನ ನಂಬ್ಕೊಂಡು ಕೂರಬೇಡಿ."

ಆ ಗುಂಪಿನಲ್ಲಿ ಸರ್ ಕೂಡ ಇದ್ದರು. ತಕ್ಷಣವೇ ಅವರ ಫೋನ್ ಬಂತು.

ಅಂಜಿನಮ್ಮ ತಟ್ಟೆಯ ಒಂದು ತುದಿ ಎತ್ತಿದಳು. "ಗುಂಡಿಗಾಕ್ಬೇಕು. ಆ ಕಡೆ ಹಿಡ್ಕೋ."

ಪ್ರಮೋದಾ ಫೋನನ್ನು ರೋಗ ಹರಡದಿರಲೆಂದು ಹೊಸ್ತಿಲ ಮೇಲೆ ಚೆಲ್ಲಿದ್ದ ಸುಣ್ಣದಲ್ಲಿಟ್ಟು ಇನ್ನೊಂದು ತುದಿ ಹಿಡಿದಳು. ಅವರು ಹಿತ್ತಲ ಗುಂಡಿ ತಲುಪಿದಾಗಲೂ ಅದು ಸುಣ್ಣದೊಳಗೆ ಗುರುಗುಟ್ಟುತ್ತಲೇ ಇತ್ತು.