ಬೇಡ ಅಂದದ್ದು ಅವಳೇ

ಪುಟ್ಟಿಯ ಅಮ್ಮ ವಿಶೇಷ ಶಾಲೆಯ ತರಗತಿಗೆ ಬಾಗಿಲು ತಟ್ಟದೆ ನುಗ್ಗಿದರು. ಗೋಡೆಯ ಮೇಲಿದ್ದ ಹೆಣ್ಣಿನ ದೇಹದ ಚಿತ್ರಪಟ ಕಿತ್ತು ಟೀಚರ ಮೇಜಿನ ಮೇಲೆ ಬಿಸಾಕಿದರು.

"ಇಂಥ ಹೊಲಸು ಕಲಿಸೋಕೆ ನಾಚಿಕೆ ಆಗಲ್ವಾ? ಆಸ್ಪತ್ರೇಲಿ ನನ್ನ ಮಾನ ಹರಾಜಾಯ್ತು."

ಪುಟ್ಟಿ ಅವರ ಬೆನ್ನ ಹಿಂದೆ ನಿಂತಿದ್ದಳು. ಇಪ್ಪತ್ತಮೂರು ವರ್ಷ. ಆಟಿಸಂ ಇದ್ದ ಅವಳ ಬಾಯಲ್ಲಿ ಮಾತು ಕಡಿಮೆ, ಆದರೆ ಕಲಿತದ್ದನ್ನು ಮರೆಯುವವಳಲ್ಲ. ತಿಂಗಳು ತಿಂಗಳು ಮಗಳ ಮುಟ್ಟಿನ ಬಟ್ಟೆ ಒಗೆದು ರೋಸಿಹೋದ ಅಮ್ಮ, ಗರ್ಭಕೋಶವನ್ನೇ ತೆಗೆಸಿಬಿಡಲು ಹೊರಟಿದ್ದರು. ಮಗಳಿಗೆ ಹೇಳಿದ್ದು ಹೊಟ್ಟೆನೋವಿಗೆ ಔಷಧಿ ಎಂದು. ಡಾಕ್ಟರಮ್ಮ ನರ್ಸಿಗೆ ಗರ್ಭಕೋಶ ಅಂದದ್ದೇ ತಡ, ಪುಟ್ಟಿ ಎದ್ದು ಕೂತಿದ್ದಳು. "ಗರ್ಭಕೋಶ ನಂದು. ತೆಗೀಬೇಡಿ. ಬೇಡ." ರೋಗವಿಲ್ಲದೆ, ಅವಳು ಒಪ್ಪದೆ ಕತ್ತರಿ ಹಾಕುವುದಿಲ್ಲವೆಂದು ಡಾಕ್ಟರಮ್ಮ ಆಪರೇಷನ್ ಫಾರಂ ಹರಿದಿದ್ದರು.

"ನೀವೇ ಬಾಯಿಪಾಠ ಮಾಡ್ಸಿದೀರಿ," ಎಂದರು ಅಮ್ಮ.

"ಅಂಗಗಳ ಹೆಸರು ಕಲಿಸಿದೆ. ಬೇಡ ಅನ್ನೋದನ್ನ ಕಲಿಸಿದೆ. ಎರಡನ್ನೂ ಸೇರಿಸಿದ್ದು ಅವಳೇ."

"ನಾಳೆ ಯಾವನಾದ್ರೂ ಕೆಡಿಸಿ ಬಸಿರು ಮಾಡಿದ್ರೆ ನೀವು ಸಾಕ್ತೀರಾ?"

"ಗರ್ಭಕೋಶ ತೆಗೆಸಿದ್ರೆ ಬಸಿರು ತಪ್ಪುತ್ತೆ, ಕೆಡಿಸೋದು ತಪ್ಪೋದಿಲ್ಲ. ಯಾರು ಎಲ್ಲಿ ಮುಟ್ಟಿದ ಅಂತ ಹೇಳೋಕೂ ಅವಳಿಗೆ ಇದೇ ಹೆಸರು ಬೇಕು."

ಅಮ್ಮನ ಸಿಟ್ಟು ಮಗಳ ಮೇಲೆ ತಿರುಗಿತು. ರಟ್ಟೆ ಹಿಡಿದು ಎಳೆದರು.

"ಕೈ ಬಿಡು," ಎಂದಳು ಪುಟ್ಟಿ.

"ನೋಡಿ, ಹೆತ್ತವಳಿಗೇ," ಎಂದು ಅಮ್ಮ ಹಲ್ಲು ಕಚ್ಚಿದರು. ಆದರೆ ಕೈ ಬಿಟ್ಟರು.

ಗಲಾಟೆ ಕೇಳಿ ಬಂದ ಹೆಡ್‌ಮಿಸ್ ಅಮ್ಮನ ಪರ ನಿಂತರು. ಪಾಠ ನಿಲ್ಲಿಸಿ, ಕ್ಷಮೆ ಕೇಳಿ ಎಂದರು. ಟೀಚರ್ ಎರಡಕ್ಕೂ ಒಪ್ಪಲಿಲ್ಲ. ಅವತ್ತೇ ಆ ತರಗತಿ ಅವರ ಕೈತಪ್ಪಿತು; ಚಿಕ್ಕ ಮಕ್ಕಳಿಗೆ ಬಣ್ಣ ಹಚ್ಚಿಸುವ ಕೆಲಸ ಕೊಟ್ಟರು. ಪುಟ್ಟಿ ಶಾಲೆಗೆ ಬರುವುದು ನಿಂತಿತು.

ಎರಡು ತಿಂಗಳ ಮೇಲೆ ಅಮ್ಮ ಮಗಳನ್ನು ಗೇಟಿನವರೆಗೆ ಕರೆತಂದರು. ಟೀಚರ್ ಎದುರಾದಾಗ ಮುಖ ಗಂಟಿಕ್ಕಿಕೊಂಡರು.

"ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂದಿಲ್ಲ. ಬೇರೆ ಶಾಲೇಲಿ ಸೇರಿಸ್ಕೊಳ್ಳಲಿಲ್ಲ."

"ಆಪರೇಷನ್ನು?"

"ಇನ್ನೆರಡು ಆಸ್ಪತ್ರೆಗೆ ಹೋದೆ. ಎರಡು ಕಡೆನೂ ಅದೇ ರಾಗ ಹಾಡಿದಳು." ಅಮ್ಮ ಸೆರಗು ಕೊಡವಿಕೊಂಡರು. "ಈಗ ಪ್ಯಾಡು ತಾನೇ ಬದಲಾಯಿಸ್ತಾಳೆ. ನನ್ನನ್ನ ಬಚ್ಚಲೊಳಗೆ ಬಿಡಲ್ಲ. ಸಂತೋಷ ಆಯ್ತಾ ನಿಮಗೆ?"

"ಆಯ್ತು," ಎಂದರು ಟೀಚರ್.

ಅಮ್ಮ ಮಗಳನ್ನು ಗೇಟಿನಲ್ಲಿ ಬಿಟ್ಟು, ತಿರುಗಿಯೂ ನೋಡದೆ ರಸ್ತೆ ದಾಟಿದರು.