ಜಾರಲು ಬಿಡದ ಗಾಡಿ

ಒತ್ತಿದಷ್ಟೂ ಎಂಜಿನ್ ಸೊರಗುತ್ತಿತ್ತು.

ಆಕ್ಸಿಲರೇಟರಿನ ಮೇಲೆ ಇದ್ದದ್ದು ಅವನ ಕಾಲೇ. ಆದರೆ ಪಿಕಪ್ ಗಾಡಿ ಅವನ ಮಾತು ಕೇಳುತ್ತಿರಲಿಲ್ಲ. ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಟುಕುತ್ತಿತ್ತು: ಒಂದು ಪುಟ್ಟ ಕಾರಿನ ಚಿತ್ರ, ಅದರ ಹಿಂದೆ ಎರಡು ಸೊಟ್ಟ ಗೆರೆ. ಏರಿನ ಕೆಸರಿನಲ್ಲಿ ಚಕ್ರ ಸುಮ್ಮನೆ ಸುತ್ತಿದೊಡನೆ, ಇದು ಜಾರುತ್ತಿದೆ ಎಂದು ಗಾಡಿ ತಾನೇ ತಿಳಿದು ತಾನೇ ಎಂಜಿನ್ನಿನ ಕತ್ತು ಹಿಸುಕುತ್ತಿತ್ತು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಘರ್ಷಣೆಯ ಪಾಠ ಮಾಡಿದವನು ಹೆಂಡತಿಯ ತವರಿನಿಂದ ಐವತ್ತು ಹೆಜ್ಜೆ ಈಚೆಗೆ ಘರ್ಷಣೆ ಸಾಲದೆ ಹೂತಿದ್ದಾನೆ. ಒಳ್ಳೆಯ ಉದಾಹರಣೆ. ತರಗತಿಯಲ್ಲಿ ಹೇಳುವ ಧೈರ್ಯ ಮಾತ್ರ ಬರಲಾರದು.

ಗಾಡಿಯ ಹಿಂದಿನ ತೆರೆದ ತಗಡಿನ ಮೇಲೆ ಅವಳ ಮೇಜು ಕವುಚಿಕೊಂಡು ನಾಲ್ಕೂ ಕಾಲು ಮೇಲೆತ್ತಿತ್ತು. ಬಟ್ಟೆ ಕತ್ತರಿಸುವ ಮೇಜು. ಹೊಲಿಗೆ ಯಂತ್ರ ಎರಡು ತಿಂಗಳ ಹಿಂದೆ ಅವಳ ಜೊತೆಗೇ ಹೋಗಿತ್ತು. ಇದನ್ನೂ ಇಳಿಸಿದರೆ ಮನೆಯಲ್ಲಿ ಅವಳದೆನ್ನುವುದು ಏನೂ ಉಳಿಯದು. ಇಳಿಸುವ ಮೊದಲು ಹೇಳಬೇಕಾದ ಎರಡು ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ: ಮನೆಗೆ ಬಾ. ದನಿ ಏರಿಸಿ, ಇಳಿಸಿ, ಎಳೆದು ನೋಡಿದ್ದ. ಹೇಗೆ ಹೇಳಿದರೂ ಹಾಜರಿ ಕೂಗಿದ ಹಾಗೇ ಕೇಳಿತ್ತು.

ಮಹಾರಥಿಗಳ ಚಕ್ರ ಹೂತರೆ ಕಾವ್ಯವಾಗುತ್ತದೆ. ಮೇಷ್ಟರ ಚಕ್ರ ಹೂತರೆ ಬಾಮೈದ ಬರುತ್ತಾನೆ.

"ಏನ್ ಭಾವ, ಉಳುಮೆನಾ?"

"ಸ್ವಲ್ಪ ಜಾರ್ತಿದೆ."

"ಜಾರಿದ್ರೆ ಮೇಲ್ ಬರ್ತಿತ್ತಲ್ಲ! ಅದು ಜಾರೋಕೇ ಬಿಡ್ತಿಲ್ಲ. ಆ ದೀಪದ ಚಿತ್ರ ಇರೋ ಗುಂಡಿ ಒತ್ತಿ ಆಫ್ ಮಾಡಿ."

"ಆಫ್ ಮಾಡಬಾರದು ಅಂತ ಪುಸ್ತಕದಲ್ಲಿದೆ."

"ಕೆಸರಲ್ಲಿ ಮಾಡಬೇಕು ಅಂತ ಮುಂದಿನ ಪುಟದಲ್ಲಿದೆ." ಅವಳ ದನಿ. ಯಾವಾಗ ಬಂದು ನಿಂತಿದ್ದಳೋ. "ಇಳೀರಿ ಕೆಳಗೆ."

ಅವನು ಇಳಿದ. ಅವಳು ಹತ್ತಿ ಗುಂಡಿಯನ್ನು ಒತ್ತಿ ಹಿಡಿದಳು. ಚಕ್ರಗಳು ಕಿರುಚಿದವು, ಕೆಸರು ಅವನ ಶರ್ಟಿಗೆ ರಾಚಿತು. ಗಾಡಿ ಹಿಂಭಾಗವನ್ನು ಅತ್ತಿತ್ತ ಓಲಾಡಿಸುತ್ತ ಏರು ಹತ್ತಿ ಅಂಗಳದಲ್ಲಿ ನಿಂತಿತು. ಅವಳು ನಗುತ್ತಿದ್ದಳು. ಈ ನಗುವಿಗೆ ತನ್ನ ಮನೆಯಲ್ಲಿ ಯಾವ ದೀಪ ಮಿಟುಕುತ್ತಿತ್ತೋ ಎಂದುಕೊಂಡ.

ಬಾಮೈದನೂ ಅವನೂ ಮೇಜು ಇಳಿಸಿ ಒಳಗಿಟ್ಟರು. ಮಾತು ಬಾಯಲ್ಲೇ ಇತ್ತು.

"ಮತ್ತೆ?" ಎಂದಳು ಬಾಗಿಲಲ್ಲಿ. ಕಾಯುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು.

"ಆ ಗುಂಡಿ... ವಾಪಸ್ ಆನ್ ಮಾಡೋದು ಹೇಗೆ?"

ಅವಳು ಗಾಡಿಯ ಕೀಲಿಯನ್ನು ಅವನ ಕೈಗಿಟ್ಟಳು.

"ಏನೂ ಮಾಡ್ಬೇಡಿ. ಹೊಸದಾಗಿ ಸ್ಟಾರ್ಟ್ ಮಾಡಿದ ಕೂಡ್ಲೇ ಅದೇ ಆನ್ ಆಗುತ್ತೆ. ಥೇಟ್ ನಿಮ್ ಹಾಗೆ."

ಡಾಂಬರು ರಸ್ತೆ ಸೇರಿ ಎರಡು ತಿರುವು ದಾಟಿದ ಮೇಲೆ ಏನಾಯಿತೋ, ಸ್ಟೇರಿಂಗನ್ನು ಒಮ್ಮೆಗೇ ಬಲಕ್ಕೆ ಎಳೆದ. ಖಾಲಿ ಹಿಂಭಾಗ ಒದ್ದೆ ರಸ್ತೆಯ ಮೇಲೆ ಸರ್ರನೆ ತಿರುಗತೊಡಗಿತು. ಮುಂದಿನ ಗಾಜಿನಲ್ಲಿ, ತಾನು ಬಂದ ದಾರಿ, ಆ ಏರು ಅಡ್ಡಲಾಗಿ ಬರುತ್ತಿದ್ದವು. ಆಗ ಮತ್ತೆ ಆ ಹಳದಿ ದೀಪ, ಕೆಳಗೆಲ್ಲೋ ಕರಕರ ಸದ್ದು. ಅವನನ್ನು ಕೇಳದೆ ಯಾವುದೋ ಒಂದು ಚಕ್ರಕ್ಕೆ ಬ್ರೇಕು ಬಿತ್ತು. ಗಾಡಿ ನೆಟ್ಟಗಾಯಿತು. ರಸ್ತೆಯಂಚಿನಲ್ಲಿ, ಗೀರೂ ಇಲ್ಲದೆ, ಅವನ ಮನೆಯ ಕಡೆಗೇ ಮುಖ ಮಾಡಿ ನಿಂತಿತು.

ಅವನು ಹಿಂದಿನ ಗಾಜಿನಲ್ಲಿ ಹೊರಳಿ ನೋಡಿದ. ಬೆಳಗಿನ ಸೋನೆಗೆ ನೆನೆದ ತಗಡಿನ ನಡುವೆ, ಮೇಜಿನಷ್ಟೇ ಉದ್ದಗಲದ ಒಣ ಜಾಗವೊಂದಿತ್ತು. ಹನಿ ಮತ್ತೆ ಶುರುವಾಗಿತ್ತು. ಒಂದೊಂದಾಗಿ, ಅವಸರವಿಲ್ಲದೆ, ಅದರೊಳಗೆ ಬೀಳುತ್ತಿತ್ತು.