ಮೆತ್ತನೆಯ ಕೈ

ಗ್ರಂಥಾಲಯದಲ್ಲಿ ಅವಳಿಗೆ ‘ಗವಸು ಮೇಡಂ’ ಎಂದೇ ಹೆಸರು. ಬೇಸಿಗೆಯಲ್ಲೂ ಹತ್ತಿಯ ಕೈಗವಸು ತೊಟ್ಟೇ ಪುಸ್ತಕ ಕೊಡುತ್ತಿದ್ದಳು. ಪುಸ್ತಕದ ಮೇಲಿನ ಗೌರವವೆಂದು ಓದುಗರು ತಿಳಿದಿದ್ದರು; ಅಲ್ಲಿದ್ದದ್ದು ಹೆಚ್ಚಾಗಿ ಪತ್ತೇದಾರಿ ಕಾದಂಬರಿಗಳು. ಗವಸಿನೊಳಗೆ ಬಿರುಕುಬಿಟ್ಟು ರಕ್ತ ಒಸರುವ ಬೆರಳುಗಳಿದ್ದವು. ಇಸುಬು ಅವಳಿಗೆ ತವರಿನ ಬಳುವಳಿ. ಚಿಕ್ಕಂದಿನಲ್ಲಿ ಕೆರೆದುಕೊಳ್ಳದಿರಲೆಂದು ಅಮ್ಮ ಅವಳ ಕೈಗಳಿಗೆ ಕಾಲುಚೀಲ ಕಟ್ಟಿ ಮಲಗಿಸುತ್ತಿದ್ದರು. ಬೆಳಗಾಗುವಷ್ಟರಲ್ಲಿ ಕಾಲುಚೀಲವೂ ಹರಿದಿರುತ್ತಿತ್ತು, ಚರ್ಮವೂ.

ಮಗಳು ಹುಟ್ಟಿದ ದಿನವೇ ನಿರ್ಧರಿಸಿದಳು: ಈ ಬಳುವಳಿ ತನ್ನಲ್ಲಿಗೇ ನಿಲ್ಲಬೇಕು.

ಬಚ್ಚಲಿನ ಬಾಗಿಲಿಗೆ ನಿಯಮಾವಳಿ ಅಂಟಿಸಿದಳು. ಉಗುರುಬೆಚ್ಚಗಿನ ನೀರು, ಐದೇ ನಿಮಿಷ. ಸುವಾಸನೆಯಿಲ್ಲದ ಸೋಪು. ಟವಲಿನಿಂದ ಉಜ್ಜಕೂಡದು, ಒತ್ತಬೇಕು. ಮೈಯಲ್ಲಿ ಪಸೆ ಇರುವಾಗಲೇ ಕ್ರೀಮು. ದಿನಕ್ಕೆ ಮೂರು ಸಲ. ಕ್ರೀಮಿನ ಡಬ್ಬಿಯ ಸಣ್ಣಕ್ಷರವನ್ನು ಭೂತಗನ್ನಡಿ ಹಿಡಿದು ಓದಿದಳು.

“ನಿನ್ನ ಗಂಡನ್ನ ಪಾತ್ರೆ ಉಜ್ಜೋ ಹಾಗೆ ಉಜ್ಜಿ ತೊಳೆದೆ ಕಣೇ,” ಅಂದರು ಅತ್ತೆ. “ಏನಾಗಿದೆ ಅವನಿಗೆ?”

“ಒಂದು ಸಲ ಕರೆದರೆ ಕೇಳಿಸುತ್ತಾ ಅತ್ತೆ ಅವರಿಗೆ?”

ಉಳಿದದ್ದು ಒಂದೇ ಪ್ರಶ್ನೆ: ಕ್ರೀಮು ಹಚ್ಚುವವರು ಯಾರು? ತನ್ನ ಬೆರಳು ಅರದ ಹಾಗೆ. ಅತ್ತೆಗೆ ಉಜ್ಜುವ ಚಟ. ಗಂಡ ಬೇಕರಿಯವನು, ಇಪ್ಪತ್ತು ವರ್ಷ ಬೆಣ್ಣೆ, ಹಿಟ್ಟು, ಅರೆದ ಬಾದಾಮಿ ನಾದಿದ ಅಂಗೈ. ಮದುವೆಗೆ ಮೊದಲು ಅವಳು ಮೆಚ್ಚಿದ್ದೂ ಅವನ ಮುಖವನ್ನಲ್ಲ, ಆ ಕೈಗಳನ್ನು.

“ನೀವೇ ಹಚ್ಚಿ,” ಅಂದಳು. “ಈ ಮನೇಲಿ ಮಗು ಮುಟ್ಟೋ ಯೋಗ್ಯತೆ ಇರೋದು ನಿಮ್ಮ ಕೈಗೆ ಮಾತ್ರ.”

ಅವನು ಹಿಗ್ಗಿಹೋದ. ಬೇಕರಿ ಕೆಳಗೆ, ಮನೆ ಮೇಲೆ. ಒಂದು ತಟ್ಟೆ ಒಲೆಗೆ ಹೋಗಿ ಇನ್ನೊಂದು ಸಿದ್ಧವಾಗುವುದರೊಳಗೆ ಮೆಟ್ಟಿಲು ಹತ್ತಿ ಬಂದು, ಏಪ್ರನ್ನಿಗೆ ಕೈ ಒರೆಸಿ, ಡಬ್ಬಿಗೆ ಎರಡು ಬೆರಳು ಅದ್ದುತ್ತಿದ್ದ. ಅವನ ಹೆಜ್ಜೆ ಸದ್ದಿಗೇ ಮಗು ಕಾಲು ಬಡಿಯುತ್ತಿತ್ತು. “ಬನ್ನಿಗೆ ಬೆಣ್ಣೆ ಸವರೋದು ಬೇರೆಯವರ ಕೈಲಾಗುತ್ತಾ?” ಅನ್ನುತ್ತಿದ್ದ. ಮಗುವಿಗೆ ಬನ್ನು ಎಂಬ ಹೆಸರೇ ನಿಂತಿತು. ನೀರಿನ ಬಿಸಿಯನ್ನು ದಿನವೂ ಮೊಣಕೈ ಅದ್ದಿ ಪರೀಕ್ಷಿಸುವವಳು ಆ ಏಪ್ರನ್ನಿನತ್ತ ಒಮ್ಮೆಯೂ ನೋಡಲಿಲ್ಲ. ಮೆತ್ತಗಿದ್ದದ್ದು ಶುಭ್ರವಾಗಿಯೂ ಇರುತ್ತದೆಂದು ಅವಳ ನಂಬಿಕೆ.

ನಾಲ್ಕನೇ ತಿಂಗಳು ಮಗುವಿನ ಕೆನ್ನೆ ಕೆಂಪಾಯಿತು. ಐದರಲ್ಲಿ ಮೊಣಕೈ ಮಡಿಕೆ ಒಸರತೊಡಗಿತು. ಕ್ರೀಮು ಮೂರು ಸಲದಿಂದ ಐದು ಸಲಕ್ಕೇರಿತು. ಎಂಟನೇ ತಿಂಗಳು ಅತ್ತೆ ಬಾದಾಮಿ ಕೇಕಿನ ಚೂರೊಂದನ್ನು ಮಗುವಿನ ನಾಲಿಗೆಗಿಟ್ಟರು. ಅವರ ಲೋಟದ ಕಾಫಿ ಆರುವ ಮೊದಲೇ ತುಟಿ ಊದಿ, ಉಸಿರು ಸಿಳ್ಳೆ ಹಾಕುತ್ತಿತ್ತು.

ಮಗು ಉಳಿಯಿತು. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಗಂಡಹೆಂಡಿರನ್ನು ಕೂರಿಸಿ ಕೇಳಿದರು.

“ಬಾದಾಮಿ ಇದೇ ಮೊದಲಾ?”

“ಇದೇ ಮೊದಲು, ಡಾಕ್ಟ್ರೇ.”

“ಬಾಯಿಗೆ ಮೊದಲು, ಸರಿ. ಚರ್ಮಕ್ಕೆ? ಕ್ರೀಮ್ ಹಚ್ಚೋದು ಯಾರು?”

“ಇವರು,” ಅಂದಳು, ಇನ್ನೂ ಹೆಮ್ಮೆಯಿಂದಲೇ. “ಇವರ ಕೈ ತುಂಬಾ ಮೆತ್ತಗೆ.”

“ನಿಮ್ಮದು ಏನು ಕೆಲಸ?”

ಅವನು ಹೇಳಿದ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

“ಇಸುಬು ತಾಯಿ ಕಡೆಯಿಂದಲೇ ಬಂದಿರಬಹುದು. ಬಾದಾಮಿ ಅಲರ್ಜಿ ಹೀಗೇ ಆಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಒಡೆದ ಚರ್ಮದಿಂದ ಒಳಗೆ ಹೋದದ್ದನ್ನ ಕೆಲವು ಸಲ ಮೈ ಶತ್ರು ಅಂತಾನೇ ಗುರುತಿಟ್ಕೊಳ್ಳುತ್ತೆ. ಕೈ ಸೋಪಲ್ಲಿ ತೊಳೀತಿದ್ರಾ?”

ಅವನು ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡ. “ಒರೆಸ್ಕೋತಿದ್ದೆ.”



ಸೋಪು ಹಾಕಿ ತೊಳೆದರೆ ಸಾಕೆಂದು ಡಾಕ್ಟರು ಹೇಳಿದ್ದರು. ಅವನಿಗೆ ಸಾಲಲಿಲ್ಲ. ಮೊಣಕೈವರೆಗೂ ಬ್ರಷ್ಷಿನಿಂದ ಉಜ್ಜಿಕೊಳ್ಳುತ್ತಾನೆ. ಎರಡೇ ತಿಂಗಳಲ್ಲಿ ಅವನ ಬೆರಳುಗಳೂ ಬಿರಿದಿವೆ. ಈಗ ಕ್ರೀಮು ಹಚ್ಚುವವಳು ಅವಳು, ಗವಸು ಕಳಚಿಟ್ಟು. ಅರದಂಥ ಬೆರಳು ತಾಗಿದೊಡನೆ ಮಗು ಅಳುತ್ತಾ ಬಾಗಿಲ ಕಡೆ ತಿರುಗಿ ಎರಡೂ ತೋಳು ಚಾಚುತ್ತದೆ. ಅಲ್ಲಿ ನಿಂತ ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಾನೆ.